ಕೃಷ್ಣಸರ್ಪದ ಲೆಕ್ಕ: ಗಣಿತಸಾರಸಂಗ್ರಹದ ಪ್ರಶ್ನೆಗಳನ್ನು ಓದುವ ಬಗೆ

ಎಂಬತ್ತು ಅಂಗುಲ ಉದ್ದದ ಬಲಿಷ್ಠ ಕೃಷ್ಣಸರ್ಪವೊಂದು ಬಿಲವನ್ನು ಪ್ರವೇಶಿಸುತ್ತಿದೆ. ದಿನದ 5/14 ಭಾಗದಲ್ಲಿ ಅದು ಏಳೂವರೆ ಅಂಗುಲ ಒಳಸರಿಯುತ್ತದೆ. ಆದರೆ ದಿನದ ಕಾಲುಭಾಗದಲ್ಲಿ ಅದರ ಬಾಲ 11/4 ಅಂಗುಲ ಬೆಳೆಯುತ್ತದೆ. ಅದು ಪೂರ್ಣವಾಗಿ ಬಿಲವನ್ನು ಸೇರುವುದು ಯಾವಾಗ? ಮಹಾವೀರಾಚಾರ್ಯರು ಗಣಕರಿಗೆ ಭೂಷಣಪ್ರಾಯನೆಂದು ಓದುಗನನ್ನು ಸಂಬೋಧಿಸಿ ಕೇಳುವ ಪ್ರಶ್ನೆಯಿದು.

ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ರಚಿತವಾದ 'ಗಣಿತಸಾರಸಂಗ್ರಹ'ದ ತ್ರೈರಾಶಿಕ ಪ್ರಕರಣದಲ್ಲಿ 'ಗತಿನಿವೃತ್ತಿ' ಎಂಬ ಭಾಗಕ್ಕೆ ಇದು ಸೇರುತ್ತದೆ. ಮುನ್ನಡೆಯಿಂದ ಹಿನ್ನಡೆಯನ್ನು ಕಳೆದು, ಉಳಿದ ಗತಿಗೆ ತ್ರೈರಾಶಿಕವನ್ನು ಅನ್ವಯಿಸಬೇಕೆಂಬುದು ಸೂತ್ರ. ಹಾವಿನ ಪ್ರವೇಶ ದಿನಕ್ಕೆ 21 ಅಂಗುಲ, ಬಾಲದ ಬೆಳವಣಿಗೆ 11 ಅಂಗುಲ, ಉಳಿಯುವುದು 10. ಆದ್ದರಿಂದ ಉತ್ತರ 8 ದಿನ. ತೊಡಕಾದ ಭಿನ್ನರಾಶಿಗಳು ದಿನವೆಂಬ ಒಂದೇ ಮಾನಕ್ಕೆ ಬಂದೊಡನೆ ಪೂರ್ಣಾಂಕಗಳಾಗುತ್ತವೆ. ಬಾಲವೂ ಚಲನೆಯ ಒಂದು ಅಂಶವೆಂದು ಗ್ರಹಿಸದವನಿಗೆ ಸೂತ್ರ ಕಂಠಪಾಠವಾಗಿದ್ದರೂ ಫಲವಿಲ್ಲ. ಲೆಕ್ಕದ ಮೊದಲ ಹೆಜ್ಜೆ ಗುಣಾಕಾರವಲ್ಲ, ವಾಕ್ಯಾರ್ಥ.

ಭಿನ್ನರಾಶಿಗಳಿಗೆಂದೇ ಆಚಾರ್ಯರು 'ಕಲಾಸವರ್ಣ' ಎಂಬ ಪ್ರಕರಣವನ್ನು ಮೀಸಲಿಟ್ಟಿದ್ದಾರೆ. ಅಂಶ ಒಂದೇ ಆಗಿರುವ ಭಿನ್ನಗಳ ಮೊತ್ತ ಒಂದಾಗಬೇಕಾದರೆ ಛೇದಗಳೇನು? ಒಂದರಿಂದ ತೊಡಗಿ ಮೂರರಿಂದ ಗುಣಿಸುತ್ತ ಹೋಗಬೇಕು. ಮೊದಲನೆಯದನ್ನು 2ರಿಂದ, ಕೊನೆಯದನ್ನು 2/3ರಿಂದ ಗುಣಿಸಬೇಕು. ನಾಲ್ಕು ಪದಗಳಿಗೆ 1, 3, 9, 27 ಎಂಬುದು 2, 3, 9, 18 ಆಗುತ್ತದೆ: 1/2, 1/3, 1/9, 1/18. ಕೂಡಿದರೆ ಸರಿಯಾಗಿ ಒಂದು.

ವಿನ್ಯಾಸದ ಸೊಗಸು ಗುಣಾಕಾರದ ಉದಾಹರಣೆಗಳಲ್ಲಿ ಇನ್ನೂ ಸ್ಪಷ್ಟ. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ. 27994681ನ್ನು 441ರಿಂದ ಗುಣಿಸಿದರೆ 12345654321. ಎಡಬಲಗಳಿಂದ ಒಂದೇ ಬಗೆಯಾಗಿ ಓದಿಸಿಕೊಳ್ಳುವ ಇಂಥ ಸಂಖ್ಯೆಗಳನ್ನು ಆಚಾರ್ಯರು ಕಂಠಾಭರಣಕ್ಕೆ ಹೋಲಿಸುತ್ತಾರೆ. ಚಿತ್ರಕಾವ್ಯದ ಗತಪ್ರತ್ಯಾಗತವನ್ನು ಬಲ್ಲ ಸಾಹಿತ್ಯದ ವಿದ್ಯಾರ್ಥಿಗೆ ಈ ರುಚಿ ಅಪರಿಚಿತವಾಗಲಾರದು.

ಇದು ಆಕಸ್ಮಿಕವಲ್ಲ. ಸಂಖ್ಯಾಜ್ಞಾನವೆಂಬ ದೀಪದಿಂದ ಜಗತ್ತನ್ನು ಬೆಳಗಿದ ಜಿನೇಂದ್ರನಿಗೆ ನಮಿಸಿ ಗ್ರಂಥ ಆರಂಭವಾಗುತ್ತದೆ. ಗಣಿತಕ್ಕೆ ಮನ್ನಣೆಯಿರುವ ಕ್ಷೇತ್ರಗಳನ್ನು ಎಣಿಸುವಾಗ ಆಚಾರ್ಯರು ವೈದ್ಯ, ವಾಸ್ತು, ಪಾಕಶಾಸ್ತ್ರಗಳ ಜೊತೆಗೆ ಛಂದಸ್ಸು, ಅಲಂಕಾರ, ಕಾವ್ಯ, ವ್ಯಾಕರಣಗಳನ್ನೂ ಹೆಸರಿಸುತ್ತಾರೆ. ಅವರು ಸ್ತುತಿಸುವ ಅರಸ ಅಮೋಘವರ್ಷ ನೃಪತುಂಗ. 'ಕವಿರಾಜಮಾರ್ಗ' ಹುಟ್ಟಿದ್ದೂ ಅವನ ಆಶ್ರಯದಲ್ಲಿಯೇ. ಒಂದು ಕಾವ್ಯಕ್ಕೆ ಮಾರ್ಗ ತೋರಿದರೆ, ಇನ್ನೊಂದು ಗಣಿತಕ್ಕೆ ಮಾರ್ಗ ತೋರಿತು.

ಆದರೆ ನಮ್ಮ ವಿಭಾಗಗಳಲ್ಲಿ ಮೊದಲನೆಯದು ಪಠ್ಯ, ಎರಡನೆಯದು ಬರಿಯ ಹೆಸರು. 12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಗದ್ಯಪದ್ಯಗಳಲ್ಲಿ ರಚಿಸಿದರೂ, ಸಾಹಿತ್ಯಚರಿತ್ರೆಗಳು ಅವನನ್ನು ಶಾಸ್ತ್ರಕವಿಯೆಂದು ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತವೆ. ಗಣಿತಜ್ಞರು ಪದ್ಯವನ್ನು ದಾಟಿ ಸೂತ್ರಕ್ಕೆ ಹೋಗುತ್ತಾರೆ. ನಾವು ಸೂತ್ರಕ್ಕೆ ಅಂಜಿ ಪದ್ಯವನ್ನೇ ಬಿಡುತ್ತೇವೆ. ನಷ್ಟ ಎರಡು ಕಡೆಗೂ ಇದೆ; ನಮ್ಮದು ಹೆಚ್ಚು. ಅಳತೆ, ನಾಣ್ಯ, ಬಡ್ಡಿ, ಕೂಲಿಗಳನ್ನು ಕುರಿತ ಹಳಗನ್ನಡದ ಶಬ್ದಸಂಪತ್ತನ್ನು ಇಂಥ ಗ್ರಂಥಗಳಲ್ಲಲ್ಲದೆ ಬೇರೆಲ್ಲಿ ಹುಡುಕುವುದು?

ಪಠ್ಯದ ಅಭಾವವೆಂಬ ನೆಪವೂ ಉಳಿದಿಲ್ಲ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇಂಗ್ಲಿಷ್ ಅನುವಾದಸಹಿತ ಗಣಿತಸಾರಸಂಗ್ರಹವನ್ನು ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಬಂದಿತು. ಶಾಲೆಯ ಮಗು ಇಂದಿಗೂ ರೈಲಿನ ವೇಗದ ಲೆಕ್ಕದಲ್ಲಿ ಎಡವುವುದು ಬಹುಮಟ್ಟಿಗೆ ಅಂಕಿಗಳಲ್ಲಿ ಅಲ್ಲ, ವಾಕ್ಯದಲ್ಲಿ. ವಾಕ್ಯವನ್ನು ಓದಿಸುವುದು ಭಾಷಾ ಅಧ್ಯಾಪಕನ ಕೆಲಸವೆಂದು ಒಪ್ಪುವುದಾದರೆ, ಕೃಷ್ಣಸರ್ಪದ ಪದ್ಯ ನಮ್ಮ ತರಗತಿಗೂ ಸಲ್ಲಬೇಕಾದುದು.