ಎದುರುಗಾಳಿಯ ಜಮಾ-ಖರ್ಚು

ಮೊನ್ನೆ ತುಮಕೂರಿನಿಂದ ನನ್ನ ಭಾವಮೈದ ಬಂದಿದ್ದ. ಯಾರೋ ಒಬ್ಬರು ಕಾರಿನ ಮುಂಭಾಗಕ್ಕೆ ಗಾಳಿಚಕ್ರ ಕೂಡಿಸಿ, ಓಡುವಾಗ ಬಡಿಯುವ ಎದುರುಗಾಳಿಯಿಂದಲೇ ವಿದ್ಯುತ್ತು ಪಡೆದು ಕಾರು ಓಡಿಸುತ್ತಾರಂತೆ. ಪೆಟ್ರೋಲೂ ಬೇಡ, ಚಾರ್ಜಿಂಗೂ ಬೇಡ. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಎರಡು ಲಕ್ಷ ಅದಕ್ಕೆ ಹಾಕುವ ಯೋಚನೆ ಅವನದು. "ನೀವು ಬಿ.ಎಸ್ಸಿ. ಓದಿದವರು, ಏನಂತೀರಿ ಭಾವ?" ಎಂದ. ಕಚೇರಿಯಲ್ಲಿ ಇಪ್ಪತ್ತು ವರ್ಷ ಫೈಲು ಹೊತ್ತವನ ಬಿ.ಎಸ್ಸಿ. ಎಷ್ಟು ಉಳಿದೀತು? ಆದರೂ ಹಳೆಯ ಪುಸ್ತಕಗಳ ಧೂಳು ಕೊಡವಿದೆ.

ಈ ಆಸೆ ಇಂದು ನಿನ್ನೆಯದಲ್ಲ. ವಿಜಯಪುರದವರೆಂದು ನಮ್ಮಲ್ಲಿ ಅನೇಕರು ನಂಬುವ ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ 'ಸಿದ್ಧಾಂತ ಶಿರೋಮಣಿ'ಯಲ್ಲಿ, ಟೊಳ್ಳು ಅರೆಗಳಲ್ಲಿ ಅರ್ಧ ಪಾದರಸ ತುಂಬಿದ, ತಾನಾಗಿ ತಿರುಗುವ ಚಕ್ರವೊಂದರ ವರ್ಣನೆಯಿದೆ. 1618ರಲ್ಲಿ ಇಂಗ್ಲೆಂಡಿನ ರಾಬರ್ಟ್ ಫ್ಲಡ್, ತಾನು ತಿರುಗಿಸಿದ ನೀರನ್ನೇ ಮತ್ತೆ ಮೇಲಕ್ಕೆತ್ತಿಕೊಳ್ಳುವ ನೀರುಗಿರಣಿಯ ವಿಷಯ ಬರೆದ. ಇಂಥ ಯಂತ್ರ ಯಾವುದೂ ನಡೆಯಲಿಲ್ಲ. ಕೊನೆಗೆ 1775ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿ, ಇನ್ನು ಮುಂದೆ ನಿರಂತರ ಚಲನೆಯ ಯಂತ್ರಗಳನ್ನು ಪರೀಕ್ಷಿಸುವುದಿಲ್ಲವೆಂದು ನಿರ್ಣಯಿಸಿತು. ಈ ಹುಚ್ಚಿನಿಂದ ಒಂದಕ್ಕಿಂತ ಹೆಚ್ಚು ಕುಟುಂಬಗಳು ಹಾಳಾಗಿವೆ ಎಂಬುದನ್ನೂ ಅದು ಕಾರಣವಾಗಿ ಹೇಳಿತ್ತು. ಇದನ್ನು ಭಾವಮೈದನಿಗೆ ಎರಡು ಸಲ ಓದಿ ಹೇಳಿದೆ.

ಅಕಾಡೆಮಿಯದು ಅನುಭವದ ಮಾತು. ಅದರ ಹಿಂದಿನ ನಿಯಮ ಸ್ಪಷ್ಟವಾದದ್ದು 1840ರ ದಶಕದಲ್ಲಿ, ಜರ್ಮನಿಯ ಮೇಯರ್, ಇಂಗ್ಲೆಂಡಿನ ಜೂಲ್, ಆಮೇಲೆ 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಅವರಿಂದ. ಶಕ್ತಿ ರೂಪ ಬದಲಿಸೀತು, ಆದರೆ ಶೂನ್ಯದಿಂದ ಹುಟ್ಟದು.

ಕಾರಿನ ಲೆಕ್ಕಕ್ಕೆ ಬೇಕಾದ ಕೊನೆಯ ಅಂಕಿ ಸಿಕ್ಕಿದ್ದು 1920ರಲ್ಲಿ. ಗಾಳಿಚಕ್ರವು ತನ್ನ ಮೇಲೆ ಬೀಸುವ ಗಾಳಿಯ ಶಕ್ತಿಯಲ್ಲಿ ಶೇಕಡಾ 59.3ಕ್ಕಿಂತ ಹೆಚ್ಚು ಹಿಡಿಯಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ತೋರಿಸಿದ. ಗಾಳಿಯಿಲ್ಲದ ದಿನ ಗಂಟೆಗೆ 90 ಕಿ.ಮೀ. ವೇಗದಲ್ಲಿ ಓಡುವ ಕಾರಿಗೆ ಅರ್ಧ ಚದರ ಮೀಟರಿನ ಚಕ್ರ ಕಟ್ಟಿದೆವೆನ್ನಿ. ಆ ಮಿತಿಯನ್ನು ಮುಟ್ಟಿದರೂ ಅದು ಕೊಡುವುದು ಸುಮಾರು 2,800 ವ್ಯಾಟ್. ಆದರೆ ಚಕ್ರ ಕಾರನ್ನು ಹಿಂದಕ್ಕೆ ತಳ್ಳುವುದರಿಂದ ಎಂಜಿನ್ನಿಗೆ ಬೀಳುವ ಹೆಚ್ಚಿನ ಹೊರೆ ಸುಮಾರು 4,200 ವ್ಯಾಟ್. ಮೂರು ರೂಪಾಯಿ ಖರ್ಚು, ಎರಡು ರೂಪಾಯಿ ಜಮಾ!

ಹಾಗಾದರೆ ಗಾಳಿಯಿಂದ ವಾಹನ ಓಡದೇ? ನಿಜವಾದ ಗಾಳಿ ಬೀಸುತ್ತಿದ್ದರೆ ಓಡೀತು. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ಬ್ಲ್ಯಾಕ್‌ಬರ್ಡ್' ಎಂಬ ಬಂಡಿ ಗಾಳಿ ಬೀಸುವ ದಿಕ್ಕಿನಲ್ಲೇ ಗಾಳಿಯ 2.8 ಪಟ್ಟು ವೇಗದಲ್ಲಿ ಓಡಿತು. ಅಲ್ಲಿ ಶಕ್ತಿ ಕೊಟ್ಟದ್ದು ನೆಲದ ಮೇಲೆ ಬೀಸುತ್ತಿದ್ದ ಗಾಳಿ, ಬಂಡಿಯ ಓಟವಲ್ಲ. ಇನ್ನು ಮುಂಬಯಿಯಲ್ಲಿ 2007ರಿಂದ ಬಂದ ಹೊಸ ಲೋಕಲ್ ಬಂಡಿಗಳು ಬ್ರೇಕು ಹಾಕಿದಾಗ ವಿದ್ಯುತ್ತನ್ನು ತಂತಿಗೆ ಮರಳಿಸುತ್ತವೆ. ಅದು ಮೊದಲೇ ಖರ್ಚಾದ ಹಣದಲ್ಲಿ ಬಂದ ಚಿಲ್ಲರೆ, ಹೊಸ ಸಂಪಾದನೆಯಲ್ಲ.

ಭಾವಮೈದ ಸುಮ್ಮನೆ ಕೇಳಿದ. ಅಂಕಿಗಳು ಅವನಿಗೆ ಹಿಡಿಸಿದಂತೆ ಕಾಣಲಿಲ್ಲ. ಕೊನೆಗೆ ಕೇಳಿದೆ: "ಕಾಲೇಜಿಗೆ ಹೋಗುವಾಗ ನಿನ್ನ ಸೈಕಲ್ಲಿಗೆ ಡೈನಮೋ ಇತ್ತಲ್ಲ, ರಾತ್ರಿ ಅದನ್ನು ಗಾಲಿಗೆ ತಾಗಿಸಿದರೆ ಏನಾಗುತ್ತಿತ್ತು?"

"ಪೆಡಲು ಭಾರವಾಗುತ್ತಿತ್ತು ಭಾವ" ಎಂದ. ಸ್ವಲ್ಪ ಹೊತ್ತು ಬಿಟ್ಟು ನಕ್ಕ. ಎರಡು ಲಕ್ಷ ಬ್ಯಾಂಕಿನಲ್ಲೇ ಉಳಿಯಿತು.