ಬೆಂಗಳೂರು ರೈಲಿನ ಜೊತೆಗಾರರು

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು; ನಮ್ಮ ಆದವಾನಿ, ಆಲೂರು ಆಂಧ್ರಕ್ಕೆ ಹೋದವು. ಗಡಿ ಎಲ್ಲೇ ಬೀಳಲಿ, ದೊಡ್ಡ ರೋಗ ಎಂದರೆ ನಮ್ಮ ಕನ್ನಡ ಮನೆಗಳವರು ಹತ್ತುವುದು ಬೆಂಗಳೂರು ರೈಲು. ಹೈದರಾಬಾದಿನಲ್ಲಿ 1955ರಿಂದ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಇದ್ದರೂ, 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೇ ನಮಗೆ ಹತ್ತಿರ ಅನ್ನಿಸಿತು. ರೋಗಿಯೊಂದಿಗೆ ಒಬ್ಬ ಜೊತೆಗಾರ ಇರಲೇಬೇಕು: ಫೈಲು ಹಿಡಿಯಲು, ಸಾಲಿನಲ್ಲಿ ನಿಲ್ಲಲು, ಬೇಕಾದರೆ ರಕ್ತ ಕೊಡಲು.

ನನ್ನ ಗೆಳೆಯನಿಗೆ ಲಿಂಫೋಮಾ ಎಂದಾಗ ಆ ಕೆಲಸ ನನ್ನದಾಯಿತು. ಆತ ಹತ್ತಿ ದಲಾಲಿ. ಒಂದು ಚಿಟಿಕೆ ಅರಳೆ ಎಳೆದು ನೋಡಿ ಎಳೆಯ ಉದ್ದ ಹೇಳುವವನು. ಕೀಮೋದ ವಿಂಕ್ರಿಸ್ಟಿನ್ ಮೊದಲು ಹಿಡಿದದ್ದು ಆ ಬೆರಳುಗಳನ್ನೇ. ಜೋಮು ಹಿಡಿದು ಅಂಗಿ ಗುಂಡಿ ಹಾಕಲಾಗದು, ನಾನೇ ಹಾಕುತ್ತಿದ್ದೆ. ಆ ಔಷಧದ ಮೂಲ ನಮ್ಮ ಅಂಗಳದ ನಿತ್ಯಪುಷ್ಪ ಎಂದು ಹೇಳಿದೆ. "ಹಂಗಾರ ಇಷ್ಟು ವರ್ಷ ದೇವರಿಗೆ ಏರಿಸಿದ್ದು ಲೆಕ್ಕಕ್ಕೆ ಬಂತು ಬಿಡಲೇ" ಅಂದ.

ಅಂಗಳದ ಗಿಡವಷ್ಟೇ ಅಲ್ಲ, ಕೀಮೋದ ಕಥೆಯಲ್ಲಿ ನಮ್ಮ ರಾಜ್ಯದವರೂ ಒಬ್ಬರಿದ್ದಾರೆ. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ತಂಡದ ಅಮಿನೊಪ್ಟೆರಿನ್ ಎಂಬ ಔಷಧ 1947ರಲ್ಲೇ ಬಾಸ್ಟನ್ನಿನ ರಕ್ತಕ್ಯಾನ್ಸರ್ ಮಕ್ಕಳಿಗೆ ತಾತ್ಕಾಲಿಕ ಚೇತರಿಕೆ ಕೊಟ್ಟಿತ್ತು. ನಮ್ಮ ಪಠ್ಯಪುಸ್ತಕದಲ್ಲಿ ಅವರ ಹೆಸರು ಕಂಡ ನೆನಪಿಲ್ಲ.

ಊರಿಗೆ ಬಂದ ಮೇಲೆ ಕಾವಲು ಜಾಸ್ತಿ. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಜ್ವರ 100.4 ದಾಟಿದರೆ ಮಾತ್ರೆ ನುಂಗಿ ಮಲಗುವ ಹಾಗಿಲ್ಲ, ಆಸ್ಪತ್ರೆಗೆ ಓಡಬೇಕು. ಸೋಂಕಿನ ಭಯಕ್ಕೆ, ನೋಡಲು ಬಂದ ನೆಂಟರನ್ನು ಕಟ್ಟೆಯ ಮೇಲೇ ಕೂರಿಸಿ ಚಹಾ ಕೊಟ್ಟು ಕಳಿಸಿ ನಿಷ್ಠುರನಾದೆ.