ಮುಖ ನೋಡಿ ಮಣೆ ಹಾಕಿದ ಕ್ಯಾಮೆರಾ

ಮುಖ ನೋಡಿ ಮಣೆ ಹಾಕೋದು ಅಂತ ನಮ್ಮಲ್ಲಿ ಒಂದು ಮಾತಿದೆ. ಬಂದವರು ಎಂಥವರು ಅಂತ ಅಳೆದು, ಅದಕ್ಕೆ ತಕ್ಕಷ್ಟೇ ಮರ್ಯಾದೆ ಕೊಡುವವರನ್ನು ಕಂಡು ಆಡುವ ಮಾತು. ಫೋಟೋದ ಚರಿತ್ರೆ ಓದುವಾಗ ಇದು ನನಗೆ ಮೇಲಿಂದ ಮೇಲೆ ನೆನಪಾಗುತ್ತದೆ. 1840ರ ಹೊತ್ತಿಗೆ ಕ್ಯಾಮೆರಾ ಕಲ್ಕತ್ತೆಗೆ ಬಂತು. ಅಲ್ಲಿಂದ ಮುಂದಿನ ಅರವತ್ತು ವರ್ಷ ಅದು ಬಹುಮಟ್ಟಿಗೆ ಇದೇ ಕೆಲಸ ಮಾಡಿತು. ಕೆಲವರಿಗೆ ಕುರ್ಚಿ, ಕೆಲವರಿಗೆ ನೆಲ. ಕೆಲವರ ಚಿತ್ರದ ಕೆಳಗೆ ಹೆಸರು, ಕೆಲವರ ಚಿತ್ರದ ಕೆಳಗೆ ಬರೇ ಜಾತಿ.

ತಾಂಡೂರು, ಕೊಡಂಗಲ್, ನಾರಾಯಣಪೇಟೆ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಫೋಟೋ ತೆಗೆದವನು ನಾನು. ಮದುವೆ, ತೊಟ್ಟಿಲು, ಜಾತ್ರೆ, ಶಾಲೆಯ ಗುಂಪು, ಕೊನೆಗೆ ಹೆಣದ ಮುಂದೆ ಕೂತ ಮನೆಮಂದಿ, ಎಲ್ಲವನ್ನೂ ತೆಗೆದಿದ್ದೇನೆ. ಮನುಷ್ಯರ ಮುಖದ ಚಿತ್ರ ತೆಗೆಯುವ ವಿದ್ಯೆಯನ್ನು ನಮ್ಮ ಹಿಂದಿನವರು ಯಾರಿಂದ ಕಲಿತರು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಉತ್ತರ ಒಂದೇ. ಕ್ಯಾಮೆರಾ ನಡೆಸೋದನ್ನು ಪುಸ್ತಕ ಓದಿ ಕಲಿಯಬಹುದು. ಮುಖ ತೆಗೆಯೋದನ್ನು ಮಾತ್ರ ಎದುರಿಗೆ ಕುಂತವರೇ ಕಲಿಸಬೇಕು. ಅವರು ಕಲಿಸಿದ್ದನ್ನು ಯಾರು ಕೇಳಿಸಿಕೊಂಡರು, ಯಾರು ಕೇಳಿಸಿಕೊಳ್ಳಲಿಲ್ಲ ಎಂಬುದೇ ಈ ಚರಿತ್ರೆ.

ಮೊದಲು ಕೇಳಿಸಿಕೊಳ್ಳದವರ ಕಥೆ. 1857ರ ದಂಗೆಯಾದ ಮೇಲೆ ತಾವು ಆಳುವ ಜನ ಯಾರು ಯಾರು ಎಂದು ತಿಳಿಯುವ ಆತುರ ಇಂಗ್ಲಿಷರಿಗೆ ಹೆಚ್ಚಾಯಿತು. 1868ರಿಂದ 1875ರವರೆಗೆ ಲಂಡನ್ನಿನಲ್ಲಿ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳ ಪುಸ್ತಕ ಅಚ್ಚಾಯಿತು. ಸಂಪಾದಕರು ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ. ಅದರಲ್ಲಿ 460ಕ್ಕೂ ಹೆಚ್ಚು ಫೋಟೋಗಳಿವೆ. ಬಹುಪಾಲು ಚಿತ್ರಗಳ ಕೆಳಗೆ ಇರುವುದು ಜಾತಿಯ ಹೆಸರು, ಇಲ್ಲವೇ ಬುಡಕಟ್ಟಿನ ಹೆಸರು, ಊರು. ಜೊತೆಗೆ ಈ ಜನ ನಂಬಿಗಸ್ತರೋ, ಕಳ್ಳರೋ, ಸರ್ಕಾರಕ್ಕೆ ನಿಷ್ಠರೋ ಎಂಬ ಒಂದು ಟಿಪ್ಪಣಿ. ಆ ಮನುಷ್ಯನ ತಾಯಿ ಇಟ್ಟ ಹೆಸರು ಅಲ್ಲಿ ಹುಡುಕಿದರೂ ಸಿಗುವುದು ಅಪರೂಪ.

ದಕ್ಷಿಣದಲ್ಲಿ ಇದೇ ಕೆಲಸವನ್ನು ಎಡ್ಗರ್ ಥರ್ಸ್ಟನ್ ಮಾಡಿದರು. ಅವರು ಮದರಾಸು ಸರ್ಕಾರಿ ಮ್ಯೂಸಿಯಮ್ಮಿನ ಮುಖ್ಯಾಧಿಕಾರಿ. ನೀಲಗಿರಿ, ವಯನಾಡು, ಬಳ್ಳಾರಿ ಸೀಮೆಯೆಲ್ಲ ತಿರುಗಿ ಜನರ ತಲೆ, ಮೂಗು, ಎತ್ತರಗಳನ್ನು ಅಳೆದರು, ಫೋಟೋ ತೆಗೆದರು. 1909ರಲ್ಲಿ ಏಳು ಸಂಪುಟಗಳಲ್ಲಿ ಅದೆಲ್ಲ ಪ್ರಕಟವಾಯಿತು. ಜನ ಅವರನ್ನು ಕಂಡು ಹೇಗೆ ಹೆದರುತ್ತಿದ್ದರು ಎಂಬುದನ್ನು ಅವರೇ ಬರೆದುಕೊಂಡಿದ್ದಾರೆ. ವಯನಾಡಿನ ಪಣಿಯ ಹೆಂಗಸರು, ತಮ್ಮಲ್ಲಿ ಚೆನ್ನಾಗಿರುವವರನ್ನು ಆರಿಸಿ ಒಳಗೆ ಹುಲ್ಲು ತುಂಬಿ ಮದರಾಸಿನ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾರೆಂದು ನಂಬಿದ್ದರಂತೆ. ನೀಲಗಿರಿಯ ಒಬ್ಬ ಇರುಳ ಮನುಷ್ಯ ಎತ್ತರ ಅಳೆಯುವ ಕೋಲನ್ನು ನೋಡಿ, ಅದು ಗಲ್ಲುಗಂಬ ಎಂದು ಹತ್ತಿರಕ್ಕೇ ಹೋಗಲಿಲ್ಲವಂತೆ. ಥರ್ಸ್ಟನ್ ಇದನ್ನು ನಗೆಯ ಮಾತಾಗಿ ಬರೆದರು. ನನಗೆ ಮಾತ್ರ ಆ ಹೆಂಗಸರ ಮಾತು ಅಷ್ಟೊಂದು ತಪ್ಪು ಅನ್ನಿಸುವುದಿಲ್ಲ. ಜೀವ ಇರುವವರನ್ನು ಮಾದರಿ ಮಾಡಿ ಇಡುವ ಕೆಲಸವೇ ಅಲ್ಲಿ ನಡೆದದ್ದು. ಹುಲ್ಲು ತುಂಬಲಿಲ್ಲ, ಅಷ್ಟೇ.

ಇನ್ನು ಕೇಳಿಸಿಕೊಂಡವರ ಕಥೆ. ಅದರಲ್ಲಿ ದೊಡ್ಡ ಹೆಸರು ಲಾಲಾ ದೀನ್ ದಯಾಳ್. ಅವರು ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧಾನದ ಜೈನ ಮನೆತನದಲ್ಲಿ. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕಲಿತು, 1866ರಲ್ಲಿ ಇಂದೂರಿನ ಲೋಕೋಪಯೋಗಿ ಇಲಾಖೆಗೆ ನಕ್ಷೆ ಮತ್ತು ಅಂದಾಜುಪಟ್ಟಿಯ ಕೆಲಸಕ್ಕೆ ಸೇರಿದರು. ಫೋಟೋದ ಹುಚ್ಚು ಹಿಡಿದದ್ದು 1874ರ ಸುಮಾರಿಗೆ. ಇಂದೂರಿನ ಮಹಾರಾಜ ಎರಡನೆಯ ತುಕೋಜಿರಾವ್ ಹೋಳ್ಕರ್, ಅಲ್ಲಿದ್ದ ಬ್ರಿಟಿಷ್ ಏಜೆಂಟ್ ಸರ್ ಹೆನ್ರಿ ಡೇಲಿ, ಇಬ್ಬರೂ ಬೆನ್ನು ತಟ್ಟಿದರು.

ಆಗಿನ ಫೋಟೋ ಅಂದರೆ ಈಗಿನ ಹುಡುಗರು ನಂಬಲಿಕ್ಕಿಲ್ಲ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುರಸ ಸವರಬೇಕು. ಕತ್ತಲಲ್ಲಿ ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆದು, ಒಣಗುವುದರೊಳಗೆ ತೊಳೆದು ಮುಗಿಸಬೇಕು. ಬಿಸಿಲುನಾಡಿನಲ್ಲಿ ಅದಕ್ಕೆ ಸಿಗುವುದು ಕೆಲವೇ ನಿಮಿಷ. ಅದಕ್ಕೇ ಎಲ್ಲಿಗೆ ಹೋದರೂ ಕತ್ತಲೆಯ ಡೇರೆ, ಔಷಧದ ಶೀಸೆ, ಗಾಜಿನ ಪೆಟ್ಟಿಗೆ, ಒಳ್ಳೆ ನೀರು, ಇವೆಲ್ಲವನ್ನೂ ಆಳುಗಳ ತಲೆ ಮೇಲೆ, ಗಾಡಿ ಮೇಲೆ ಹೊರಿಸಿಕೊಂಡೇ ಹೋಗಬೇಕು. ಎದುರಿಗೆ ಕುಂತವರು ಎಷ್ಟೋ ಸೆಕೆಂಡು ಅಲುಗಾಡಬಾರದು. ಕತ್ತಿನ ಹಿಂದೆ ಕಾಣದಂತೆ ಕಬ್ಬಿಣದ ಕವೆಯ ಆಸರೆ ಇಡುತ್ತಿದ್ದರು. ಹಳೇ ಫೋಟೋಗಳಲ್ಲಿ ಯಾರೂ ನಗುವುದಿಲ್ಲ ಯಾಕೆ ಎಂದು ಶಾಲೆಯ ಮಕ್ಕಳು ಕೇಳುತ್ತಾರೆ. ಅಷ್ಟು ಹೊತ್ತು ನಗುವನ್ನು ಹಿಡಿದಿಟ್ಟುಕೊಂಡು ಕೂಡುವುದು ಕಷ್ಟ, ಅದು ಒಂದು ಕಾರಣ. ಫೋಟೋ ಅಂದರೆ ಸಭೆಯಲ್ಲಿ ಕುಂತ ಹಾಗೆ, ಗಂಭೀರವಾಗಿ ಇರಬೇಕು ಎಂಬ ಭಾವನೆ ಇನ್ನೊಂದು ಕಾರಣ. 1880ರ ದಶಕದಲ್ಲಿ ತಯಾರಿಸಿ ಇಟ್ಟ ಒಣ ಫಲಕಗಳು ಬಳಕೆಗೆ ಬಂದ ಮೇಲೆ ಈ ತಿರುಗಾಟ ಎಷ್ಟೋ ಹಗುರಾಯಿತು.

1882–83ರಲ್ಲಿ ಸರ್ ಲೆಪೆಲ್ ಗ್ರಿಫಿನ್ ಜೊತೆ ದೀನ್ ದಯಾಳ್ ಗ್ವಾಲಿಯರ್, ಖಜುರಾಹೊ, ಬುಂದೇಲಖಂಡಗಳನ್ನು ಸುತ್ತಿದರು. ಗುಡಿ ಕೋಟೆಗಳ ಆ ಚಿತ್ರಗಳು 1886ರಲ್ಲಿ ಪುಸ್ತಕವಾದವು. ಆದರೆ ಕಲ್ಲು ಅಲುಗುವುದಿಲ್ಲ, ಸಿಟ್ಟಾಗುವುದಿಲ್ಲ. ಮನುಷ್ಯರ ಪಾಠ ಸಿಕ್ಕಿದ್ದು ಬಂಗಲೆಗಳಲ್ಲಿ ಮತ್ತು ದರ್ಬಾರುಗಳಲ್ಲಿ. ಅವರು ತೆಗೆದ ಇಂಗ್ಲಿಷರ ಗುಂಪುಗಳನ್ನು ನೋಡಿ. ವರಾಂಡದ ಮೆಟ್ಟಿಲ ಮೇಲೆ ಒಬ್ಬರು ಕುಂತು, ಒಬ್ಬರು ವಾಲಿಕೊಂಡು, ಕಾಲ ಬಳಿ ನಾಯಿ ಮಲಗಿಸಿಕೊಂಡು, ಆರಾಮಾಗಿ ಇದ್ದಾರೆ. ಅದು ಆ ಜನಕ್ಕೆ ಬೇಕಾದ ರೀತಿ. ರಾಜರ ಚಿತ್ರ ನೋಡಿ. ಎದುರುಮುಖ, ಮೈತುಂಬ ಆಭರಣ, ಕೈಯಲ್ಲಿ ಕತ್ತಿ, ಅಡಿಯಿಂದ ಮುಡಿತನಕ ಪೂರ್ತಿ ಆಳು. ಮುತ್ತಿನ ಸರ ಎಣಿಸುವಷ್ಟು ನಿಚ್ಚಳ. ಅದು ಇವರಿಗೆ ಬೇಕಾದ ರೀತಿ. ಯಾರು ಕೂಡಬೇಕು, ಯಾರು ನಿಲ್ಲಬೇಕು, ಯಾರ ಎಡಕ್ಕೆ ಯಾರು ಎಂಬುದು ದರ್ಬಾರಿನಲ್ಲಿ ಚಿಕ್ಕ ವಿಷಯವಲ್ಲ. ಇಬ್ಬರಿಗೂ ಒಪ್ಪುವ ಚಿತ್ರ ಒಂದೇ ಕೈಯಿಂದ ಬಂದಿದೆ ಎಂದರೆ, ಆ ಕೈ ಎರಡೂ ಕಡೆಯ ರೀತಿ ರಿವಾಜನ್ನು ಕಲಿತಿತ್ತು ಎಂದೇ ಅರ್ಥ.

ಇಲ್ಲಿಂದ ಕಥೆ ನಮ್ಮ ಕಡೆಗೆ ಬರುತ್ತದೆ. 1880ರ ದಶಕದ ನಡುವೆ ಅವರು ಹೈದರಾಬಾದಿನ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಫೋಟೋಗ್ರಾಫರ್ ಆದರು. ಮಹಬೂಬನಗರಕ್ಕೆ ಹೆಸರು ಬಂದದ್ದು ಇದೇ ನಿಜಾಮರಿಂದ. 1886ರಲ್ಲಿ ಸಿಕಂದರಾಬಾದಿನಲ್ಲಿ, 1896ರಲ್ಲಿ ಮುಂಬಯಿಯಲ್ಲಿ ಅವರ ಸ್ಟುಡಿಯೋ ಶುರುವಾದವು. ವಾಡಿ–ಸಿಕಂದರಾಬಾದ್ ರೈಲು ಹಳಿ ಬಿದ್ದದ್ದು 1874ರಲ್ಲಿ. ಮುಂಬಯಿಯಿಂದ ಬರುವ ನೇರ ದಾರಿ ಸೊಲ್ಲಾಪುರ, ಗುಲ್ಬರ್ಗಾ, ವಾಡಿ, ತಾಂಡೂರಿನ ಮೇಲೆಯೇ. ಆ ಕಾಲದ ಕ್ಯಾಮೆರಾ, ಗಾಜು, ಕಾಗದ, ಹೊಸ ವಿದ್ಯೆ ಹೈದರಾಬಾದಿಗೆ ಹೋದದ್ದು ನಮ್ಮ ಹೊಲಗಳ ನಡುವಿನ ಹಳಿಯ ಮೇಲೆ. ನಿಜಾಮರು ಅವರಿಗೆ 'ರಾಜಾ ಬಹದ್ದೂರ್ ಮುಸವ್ವಿರ್ ಜಂಗ್' ಎಂಬ ಬಿರುದು ಕೊಟ್ಟರು. ಮುಸವ್ವಿರ್ ಅಂದರೆ ಚಿತ್ರಗಾರ. ನಮ್ಮ ಹಿರಿಯರು ಫೋಟೋಕ್ಕೆ ತಸ್ವೀರು ಅನ್ನುತ್ತಿದ್ದರಲ್ಲ, ಎರಡಕ್ಕೂ ಬೇರು ಒಂದೇ.

ಹೈದರಾಬಾದಿನಲ್ಲಿ ಅವರಿಗೆ ಒಂದು ಬಾಗಿಲು ಮುಚ್ಚಿತ್ತು. ಪರ್ದಾ ಪಾಳಿಸುವ ಮನೆಗಳ ಹೆಂಗಸರ ಚಿತ್ರ ಗಂಡಸು ತೆಗೆಯುವ ಹಾಗಿರಲಿಲ್ಲ. ಬಿರುದು ಇದ್ದರೂ ಅಷ್ಟೇ, ನಿಜಾಮರ ಕೃಪೆ ಇದ್ದರೂ ಅಷ್ಟೇ. ಆಗ ಅವರು ಮಾಡಿದ್ದನ್ನು ನಾನು ಅವರ ಎಲ್ಲ ಚಿತ್ರಗಳಿಗಿಂತ ದೊಡ್ಡದು ಅನ್ನುತ್ತೇನೆ. 1892ರಲ್ಲಿ ಹೆಂಗಸರಿಗೇ ಬೇರೆ ಜನಾನಾ ಸ್ಟುಡಿಯೋ ತೆರೆದರು. ಸುತ್ತ ಎತ್ತರದ ಗೋಡೆ. ಒಳಗೆ ಕ್ಯಾಮೆರಾ ಹಿಡಿಯುವವರೂ ಹೆಂಗಸರೇ. ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ ಅದನ್ನು ನಡೆಸುತ್ತಿದ್ದರು. ಎಷ್ಟು ದೇಶ ತಿರುಗಿದರೂ ಕೆಲವು ಮುಖ ತನಗೆ ಸಲ್ಲುವುದಿಲ್ಲ ಎಂದು ತಿಳಿದು, ಸಲ್ಲುವವರ ಕೈಗೆ ಕ್ಯಾಮೆರಾ ಕೊಡುವುದೂ ಈ ವಿದ್ಯೆಯ ಭಾಗವೇ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. 1899–1900ರಲ್ಲಿ ದಖ್ಖನ್ನಿನಲ್ಲಿ ಭಾರೀ ಬರ ಬಿತ್ತು. ನಿಜಾಮ ಸರ್ಕಾರದ ಪರಿಹಾರ ಕೆಲಸಗಳನ್ನು ದಾಖಲು ಮಾಡಲು ದೀನ್ ದಯಾಳರ ಕ್ಯಾಮೆರಾ ಔರಂಗಾಬಾದಿನ ಕಡೆಗೆ ಹೋಯಿತು. ಎಲುಬು ಎಣಿಸುವ ಹಾಗೆ ಸೊರಗಿದ ಗಂಡಸರು, ಹೆಂಗಸರು, ಮಕ್ಕಳು ಸಾಲಾಗಿ ಕುಂತ ಚಿತ್ರ ಅದು. ಅದರ ಶೀರ್ಷಿಕೆಯಲ್ಲಿ ಇರುವುದು 'ಬರಗಾಲದವರ ಮಾದರಿಗಳು' ಎಂಬ ಅರ್ಥದ ಇಂಗ್ಲಿಷ್ ಮಾತು. ಹೆಸರಿಲ್ಲ. ರಾಜರ ಮುತ್ತಿನ ಸರ ಎಣಿಸಲು ಬರುವಂತೆ ತೆಗೆದ ಕೈಯೇ ಇಲ್ಲಿ ಪಕ್ಕೆಲುಬು ಎಣಿಸಲು ಬರುವಂತೆ ತೆಗೆಯಿತು. ದುಡ್ಡು ಕೊಟ್ಟು ಕುಂತವರ ಮಾತು ನಡೆಯಿತು, ಹಸಿದು ಕುಂತವರನ್ನು ಕೇಳುವವರು ಇರಲಿಲ್ಲ. ಇದನ್ನು ಅವರೊಬ್ಬರ ದೋಷ ಅನ್ನುವುದಕ್ಕಿಂತ ಆ ಕಾಲದ ಕಣ್ಣು ಅನ್ನಬೇಕು. ಆ ಚಿತ್ರದಲ್ಲಿ ಇದ್ದವರು ನಮ್ಮದೇ ಸಂಸ್ಥಾನದ ಪ್ರಜೆಗಳು, ನಮ್ಮಂಥ ಒಕ್ಕಲು ಮಂದಿ ಎಂಬುದನ್ನು ಮರೆಯಬಾರದು.

ದೀನ್ ದಯಾಳ್ 1905ರಲ್ಲಿ ತೀರಿಕೊಂಡರು. ಅವರ ಎರಡೂವರೆ ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಇಂದು ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಅವರಂಥ ದೊಡ್ಡ ಸ್ಟುಡಿಯೋಗಳ ಬಣ್ಣದ ಪರದೆ, ಕೆತ್ತನೆಯ ಕುರ್ಚಿ, ಹೂದಾನಿ ಇಟ್ಟ ಸ್ಟೂಲು ಮುಂದೆ ತಾಲೂಕಿನ ಊರುಗಳಿಗೂ ಬಂದವು. ನನ್ನ ಕಾಲಕ್ಕೆ ಪರದೆಯ ಮೇಲೆ ತಾಜಮಹಲು ಇತ್ತು, ಒಂದು ರೋಲಿಗೆ ಹನ್ನೆರಡು ಚಿತ್ರ ಬರುತ್ತಿದ್ದವು. ಹಳ್ಳಿಗಳಿಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸೈಕಲ್ ಮೇಲೆ ಹೋಗುವಾಗ, ಒಂದೇ ದಿನದಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ, ನಾಲ್ಕು ಮಾತಿನ ಜನ ಎದುರಿಗೆ ಕೂಡುತ್ತಿದ್ದರು. "ಕಾಲು ಪೂರಾ ಬರಬೇಕು ನೋಡಪಾ, ಕುಂಟ ಅಂದಾರು ಮಂದಿ" ಅನ್ನುತ್ತಿದ್ದ ಒಕ್ಕಲಿಗ ಮುದುಕರು ನನಗೆ ಪೂರ್ತಿ ಆಳನ್ನು ನಿಲ್ಲಿಸಲು ಕಲಿಸಿದರು. "ಒಂದ ಕಣ್ಣು ಕಂಡ್ರ ಪೂಜಿಗೆ ಬರಂಗಿಲ್ಲ" ಎಂದು ಹೇಳಿದ ಅವ್ವಂದಿರು, ಈ ಫೋಟೋ ನಾಳೆ ದೇವರ ಮಾಡದ ಪಕ್ಕಕ್ಕೆ ಹೋಗುವುದೆಂದು ನೆನಪಿಸಿದರು. ತಾಂಡಾದ ಲಂಬಾಣಿ ಹೆಂಗಸರ ಕುಪ್ಪಸದ ಕನ್ನಡಿಗಳು ಬಿಸಿಲಿಗೆ ಬೆಂಕಿಯಂತೆ ಹೊಳೆಯುತ್ತವೆ. ಅವರೇ ನನ್ನನ್ನು ಬೇವಿನ ನೆರಳಿಗೆ ಕರೆದು, "ಇಲ್ಲಿ ತೆಗಿ" ಅಂದರು. ಮೆತ್ತನೆಯ ಬೆಳಕಿನ ಪಾಠ ನನಗೆ ಆಗಿದ್ದು ಅಲ್ಲಿ. ಕೆಲವು ಮನೆಗಳಲ್ಲಿ ಕಾರ್ಡುಗಳಿಗೆ ಹೆಂಗಸರ ಫೋಟೋ ಬೇಕಾದಾಗ ನಮ್ಮ ಮನೆಯಾಕೆಯೇ ಕ್ಯಾಮೆರಾ ಹಿಡಿದು ಒಳಗೆ ಹೋಗುತ್ತಿದ್ದಳು. ಜನಾನಾ ಸ್ಟುಡಿಯೋದ ಸುದ್ದಿ ಓದಿದ್ದು ಆಮೇಲೆ. ಓದಿದಾಗ, ಇದು ನಮ್ಮ ಮನೆಯದೇ ಸಂಗತಿ ಅನ್ನಿಸಿತು.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ಫೋಟೋಕ್ಕೆ ಬರವಿಲ್ಲ, ಬರ ಇರುವುದು ಹೆಸರಿಗೆ. ನಮ್ಮ ಮನೆಗಳ ಟ್ರಂಕು ತೆಗೆದರೆ ಅಜ್ಜ ಅಜ್ಜಿಯರ ಕಪ್ಪು ಬಿಳುಪು ಚಿತ್ರ ಸಿಗುತ್ತವೆ. ಯಾರು ಎಂದು ಕೇಳಿದರೆ "ಯಾರೋ ನಮ್ಮವರೇ" ಅನ್ನುತ್ತಾರೆ. ವಾಟ್ಸನ್ ಮತ್ತು ಕೇ ಅವರ ಪುಸ್ತಕಕ್ಕೂ ನಮ್ಮ ಟ್ರಂಕಿಗೂ ಆಗ ಏನು ವ್ಯತ್ಯಾಸ ಉಳಿಯಿತು? ಗಡಿಯಲ್ಲಿ ಇರುವ ನಮಗೆ ಇದು ಇನ್ನೂ ಬೇಗ ಆಗುತ್ತದೆ. ಕೊಡಂಗಲ್, ತಾಂಡೂರು ತಾಲೂಕುಗಳು 1956ರ ತನಕ ಗುಲ್ಬರ್ಗಾ ಜಿಲ್ಲೆಯಲ್ಲಿ ಇದ್ದವು. ಆಮೇಲೆ ರಾಜ್ಯ ಬೇರೆಯಾಯಿತು, ಶಾಲೆಯ ಭಾಷೆ ಬದಲಾಯಿತು, ಬೀಗತನಗಳು ಎರಡೂ ಕಡೆ ಹರಡಿದವು. ಅಜ್ಜಿ ಕನ್ನಡದಲ್ಲಿ ಹೇಳುವ ಸಂಬಂಧ ಮೊಮ್ಮಗನಿಗೆ ಅರ್ಥವಾಗುವ ತನಕ ಕಾಯುವಷ್ಟು ಕಾಲ ಅಜ್ಜಿಗೆ ಇರುವುದಿಲ್ಲ.

ಅದಕ್ಕೆ ಮೇಷ್ಟ್ರುಗಳಲ್ಲಿ, ಓದುವ ಎಲ್ಲರಲ್ಲಿ ನನ್ನದೊಂದು ಕೇಳಿಕೆ. ಮನೆಯ ಹಳೆ ಫೋಟೋ ಒಂದೊಂದನ್ನೇ ತೆಗೆದು ಹಿರಿಯರ ಮುಂದೆ ಇಡಿ. ಅವರು ಹೇಳಿದ್ದನ್ನು ಚಿತ್ರದ ಹಿಂದೆ, ಅಂಚಿನಲ್ಲಿ, ಮೆತ್ತನೆ ಪೆನ್ಸಿಲ್ಲಿನಿಂದ ಹಗುರಾಗಿ ಬರೆಯಿರಿ. ಬಾಲ್ ಪೆನ್ ಬೇಡ, ಒತ್ತಿದರೆ ಗೆರೆ ಮುಂದೆ ಮೂಡುತ್ತದೆ. ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು, ಊರು, ಯಾರಿಗೆ ಏನಾಗಬೇಕು, ಗೊತ್ತಿದ್ದರೆ ವರ್ಷ. ಕನ್ನಡದಲ್ಲಿ ಒಂದು ಸಲ, ಮಕ್ಕಳು ಶಾಲೆಯಲ್ಲಿ ಓದುವ ಲಿಪಿಯಲ್ಲಿ ಇನ್ನೊಂದು ಸಲ. ಮಗ್ಗುಲಲ್ಲಿ ನಿಂತ ಜೀತದಾಳು, ಮಗುವನ್ನು ಎತ್ತಿಕೊಂಡ ಕೆಲಸದಾಕೆ ಇದ್ದರೆ ಅವರ ಹೆಸರನ್ನೂ ಕೇಳಿ ಬರೆಯಿರಿ. ಅವರ ಮನೆಯಲ್ಲಿ ಅವರದು ಬೇರೆ ಫೋಟೋ ಇರಲಿಕ್ಕಿಲ್ಲ, ಅದೊಂದೇ ಇರಬಹುದು.